ಕೀಲಿ ಹಾಕಿದ ಮನೆಯ ಮೀನಿನ ಪಾಲು

ಮುಂಬೈಯಲ್ಲಿ ಕೆರೆ ಎಂದರೆ ಕಿಟಕಿಯಿಂದ ನೋಡುವ ವಸ್ತು. ನಾನು ಅಡುಗೆ ಮಾಡುವ ಮನೆಯ ಒಡತಿ ಮೊದಲ ದಿನವೇ ಪರದೆ ಸರಿಸಿ, "ದೇಖೋ ಬಾಯಿ, ಲೇಕ್ ವ್ಯೂ" ಎಂದಳು. ಆ ನೀರಿಗೆ ಅವಳ ಕಾಲು ತಾಗಿಲ್ಲ, ಅದರಿಂದ ಒಂದು ತುತ್ತು ಬಂದಿಲ್ಲ. ಗಬ್ಬು ಎದ್ದರೆ ಕಿಟಕಿ ಮುಚ್ಚುತ್ತಾಳೆ. ಇದೂ ಒಂದು ಕೆರೆಯಂತೆ.

ನಮ್ಮ ಊರು ಇರುವುದೇ ಕೆರೆಯಿಂದ. ಯಾರೋ ದೇಸಾಯಿ ಕಟ್ಟಿಸಿದನೆಂದು ಕಲ್ಲಿನಲ್ಲಿ ಬರೆದಿದೆ. ಮಣ್ಣು ಹೊತ್ತವರ ಹೆಸರು ಎಲ್ಲೂ ಇಲ್ಲ. ಏರಿಯ ಕೆಳಗೆ ಭತ್ತ, ಅಂಚಿನ ಜೊಂಡಿನಿಂದ ಚಾಪೆ, ಬೇಸಿಗೆಯಲ್ಲಿ ನೀರು ಇಳಿದಾಗ ಮೀನು. ಬೋರ್‌ವೆಲ್ ಬಂದ ಮೇಲೆ ಹೂಳು ತೆಗೆಯುವವರಿಲ್ಲ. ಅರ್ಧ ಊರು ಮುಂಬೈಗೆ ಬಂದು ಸಿಮೆಂಟು ಕಲಸುತ್ತಿದೆ. ನಾನು, ನನ್ನ ಗಂಡ ಊರ ಮನೆಗೆ ಕೀಲಿ ಹಾಕಿ, ಇಲ್ಲಿ ಜೋಗೇಶ್ವರಿಯ ಚಾಳಿನ ಒಂದು ಕೋಣೆಗೆ ಬಂದದ್ದೂ ಹಾಗೆಯೇ. ಊರಲ್ಲಿ ಉಳಿದವರು ಪ್ಲಾಸ್ಟಿಕ್ ಚಾಪೆಯ ಮೇಲೆ ಕೂತು 'ನಮ್ಮ ಕೆರಿ' ಎಂದು ಮೀಸೆ ತಿರುವುತ್ತಾರೆ.

ಮೀನು ಹಿಡಿದ ದಿನ ಮನೆಗೊಂದು ಪಾಲು. ಸಾವಾದ ಮನೆಯವರು ಆ ವರ್ಷ ನೀರಿಗೆ ಇಳಿಯುವಂತಿಲ್ಲ. ಅವರ ಪಾಲನ್ನು ಹಿರಿಯರು ಹೊಸ್ತಿಲಲ್ಲಿಟ್ಟು ಸತ್ತವರ ಹೆಸರು ಕೂಗುತ್ತಾರೆ. ಒಳಗಿನಿಂದ "ಮುಟ್ಟಿತು" ಎಂಬ ದನಿ ಬರಬೇಕು. ಬರದಿದ್ದರೆ ಆ ಮನೆ ಊರಿನದಲ್ಲ.

ಕಳೆದ ಚಳಿಗಾಲದಲ್ಲಿ ನನ್ನ ಗಂಡ ಇಲ್ಲಿಯೇ ತೀರಿಕೊಂಡರು. ಬೇಸಿಗೆಯಲ್ಲಿ, ಮೀನಿನ ದಿನ, ನನಗೆ ರಜೆ ಸಿಗಲಿಲ್ಲ. ಅಡುಗೆಯ ನಡುವೆ ಊರಿನಿಂದ ಮೈದುನ ಫೋನ್ ಮಾಡಿದ.

"ವೈನಿ, ನಿಮ್ಮ ಪಾಲು ಇಡೂದಿಲ್ಲಂತ. ಕೀಲಿ ಹಾಕಿದ ಮನಿಯೊಳಗಿಂದ ಯಾರು ಒದರತಾರ ಅಂತಾರ ಹಿರ್ಯಾರು."

"ನಿಮ್ಮಣ್ಣ ಸತ್ತಾಗ ಒಬ್ಬರೂ ರೈಲ್ ಹತ್ತಲಿಲ್ಲ. ಈಗ ಬಾಯಿ ಬಂತೇನು ಅವರಿಗೆ?"

"ಹೊಲದ ಕೆಲಸ ಇತ್ತರಿ."

"ಹೌದಪಾ, ಬಿತ್ತಲಾರದ ಹೊಲದಾಗ ಭಾಳ ಕೆಲಸ ಇರ್ತದ."

ಅವನಿಗೂ ನಗು ತಡೆಯಲಾಗಲಿಲ್ಲ. "ಸ್ಪೀಕರ್ ಹಚ್ಚಿ ಬಾಗಲಕ್ಕ ಹಿಡೀತೀನಿ. ನೀವೇ ಒದರ್ರಿ. ಅಲ್ಲಾ ಅನ್ನಲಿ ನೋಡೂಣು."

ಕುಕ್ಕರ್ ಆರಿಸಿದೆ. ಫೋನ್ ಬಾಗಿಲಿಗೆ ಉಜ್ಜಿದ್ದು, ಯಾರೋ ಗೊಣಗಿದ್ದು, ಮೀನು ಕಲ್ಲಿನ ಮೇಲೆ ಬಿದ್ದದ್ದು ಕೇಳಿಸಿತು. ಆಮೇಲೆ ಹಿರಿಯನೊಬ್ಬ ನನ್ನ ಗಂಡನ ಹೆಸರು ಕೂಗಿದ. ಅವರು ಹೋದ ಮೇಲೆ ಈ ಮುಂಬೈಯಲ್ಲಿ ಒಬ್ಬರೂ ಆ ಹೆಸರನ್ನು ಗಟ್ಟಿಯಾಗಿ ಹೇಳಿರಲಿಲ್ಲ. ಫೋನನ್ನು ಬಾಯಿಯ ಹತ್ತಿರ ತಂದೆ. ಅವನು ಎರಡನೆಯ ಸಲ ಕೂಗಿದ.

"ಮುಟ್ಟಿತು!" ಎಂದು ಕಿರುಚಿದೆ.

ಒಡತಿ ಗಾಬರಿಯಾಗಿ ಓಡಿಬಂದಳು, ಏನಾಯಿತೆಂದು. ಮನೆಯ ಮುಂದೆ ಜನ ನಿಂತಿದ್ದಾರೆ, ಉತ್ತರ ಕೊಟ್ಟೆ ಎಂದು ಹಿಂದಿಯಲ್ಲಿ ಹೇಳಿದೆ. ಅವಳು ಹೋಗಿ ತನ್ನ ಬಾಗಿಲು ತೆಗೆದು ನೋಡಿದಳು.