ಹಲಗೆ ಬದಲಿಸುವ ಹೊತ್ತು

ನನ್ನ ಮಾವ ಬಾಯಲ್ಲಿ ಮೊಳೆ ಇಟ್ಟುಕೊಂಡೇ ಮಾತಾಡುತ್ತಾರೆ. ದ್ವೀಪಕ್ಕೆಲ್ಲ ಬಡಗಿ ಅವರೊಬ್ಬರೇ. ದೋಣಿ, ತೊಟ್ಟಿಲು, ಬಾಗಿಲು, ಏನು ಕೆಟ್ಟರೂ ಅವರೇ ಬೇಕು. ಓಣಿಯವರು ಕರೆಯುವುದು ‘ಮೊಳೆ ತಾತ’ ಎಂದು. ಮದುವೆಯಾಗಿ ಬಂದ ಹೊಸದರಲ್ಲಿ ಅವರ ಮಾತು ಅರ್ಧ ನನಗೆ ತಿಳಿಯುತ್ತಿರಲಿಲ್ಲ. ಮೊಳೆಯನ್ನು ಎಲ್ಲಿ ನುಂಗಿಬಿಡುತ್ತಾರೋ ಎಂದು ಅವರ ಗಂಟಲನ್ನೇ ನೋಡುತ್ತ ಕೂರುತ್ತಿದ್ದೆ.

“ನುಂಗಿದ್ರೆ ಏನಮ್ಮ, ಒಳಗಿನ ಕೀಲು ಗಟ್ಟಿಯಾಗುತ್ತೆ” ಎನ್ನುತ್ತಿದ್ದರು.

ನಾನು ಪಟ್ಟಣದಲ್ಲಿ ಓದಿದವಳು. ಚಂಡಮಾರುತವೆಂದರೆ ನನಗೆ ಪಾಠಪುಸ್ತಕದ ಒಂದು ಚಿತ್ರ. ಬೆಚ್ಚಗಾದ ಕಡಲ ಮೇಲಿನ ಹಸಿಗಾಳಿ ಮೇಲೇಳುತ್ತದೆ, ಸುತ್ತಲ ಗಾಳಿ ಆ ಜಾಗಕ್ಕೆ ನುಗ್ಗಿ ಸುತ್ತತೊಡಗುತ್ತದೆ, ನಟ್ಟನಡುವೆ ಒಂದು ಕಣ್ಣು. ಆ ಕಣ್ಣಿನೊಳಗೆ ಒಬ್ಬ ಮುದುಕ ಸುತ್ತಿಗೆ ಹಿಡಿದು ಮನೆಯಿಂದ ಮನೆಗೆ ಓಡುತ್ತಾನೆ ಎಂದು ಪುಸ್ತಕದಲ್ಲಿ ಬರೆದಿರಲಿಲ್ಲ.

ಇಲ್ಲಿ ಮರ ಕಡಿಮೆ, ಹಲಗೆ ಆಚೆ ದಡದಿಂದ ದೋಣಿಯಲ್ಲಿ ಬರಬೇಕು. ಮನೆಯ ಎರಡೂ ಕಡೆಗೆ ಸಾಲುವಷ್ಟು ಯಾರ ಹತ್ತಿರವೂ ಇಲ್ಲ. ಗಾಳಿ ಮೊದಲು ಗುಡ್ಡದ ಕಡೆಯಿಂದ ಬಂದರೆ ಆ ಕಡೆಯ ಕಿಟಕಿ, ಬಾಗಿಲಿಗೆ ಹೊರಗಿನಿಂದ ಹಲಗೆ ಜಡಿಯುತ್ತಾರೆ. ಕಣ್ಣು ಬಂದು ಗಾಳಿ ನಿಂತಾಗ ಅವನ್ನೇ ಕಿತ್ತು ಕಡಲ ಕಡೆಗೆ ಜಡಿಯುತ್ತಾರೆ. ಗಾಳಿ ತಿರುಗಿ ಬರುವುದು ಅಲ್ಲಿಂದ.

“ಲೋಕದವರು ಗಾಳಿ ಬಂದಾಗ ತೂರಿಕೋ ಅಂತಾರೆ. ನಾವು ಗಾಳಿ ನಿಂತಾಗ ತೂರಿಕೋಬೇಕು” ಎನ್ನುವುದು ಮಾವನ ಮಾತು.

ಆ ಸಲ ನನ್ನವರು ದೋಣಿಯ ಎಂಜಿನ್ ರಿಪೇರಿಗೆ ಆಚೆ ದಡಕ್ಕೆ ಹೋಗಿದ್ದರು. ರೇಡಿಯೋ ಹೇಳುವ ಮೊದಲೇ ಕಡಲು ಉಬ್ಬತೊಡಗಿತ್ತು. ಒಂದೆಲೆಯೂ ಅಲುಗುತ್ತಿಲ್ಲ, ಅಲೆ ಮಾತ್ರ ದೂರದಿಂದ ದಪ್ಪಗೆ ಬಂದು ಬಡಿಯುತ್ತಿತ್ತು. ಮರುದಿನ ಬೆಳಗ್ಗೆ ಮಾವ ಗುಡ್ಡದ ಕಡೆಗೆ ಹಲಗೆ ಜಡಿದರು, ಗಾಳಿ ಬಂದದ್ದೂ ಅಲ್ಲಿಂದಲೇ. ಮನೆಯಲ್ಲಿ ಮಾವ, ನಾನು, ಅಂಬೆಗಾಲಿಡುವ ಮಗಳು. ಅವಳು ಅತ್ತು ಅತ್ತು ದನಿ ಕಳೆದುಕೊಂಡಿದ್ದಳು.

ಮಧ್ಯಾಹ್ನ ಗಾಳಿ ನಿಂತಿತು. ಕಡಿಮೆಯಾಗುತ್ತ ಹೋಗಲಿಲ್ಲ. ಯಾರೋ ಅದರ ಬಾಯಿ ಮುಚ್ಚಿದ ಹಾಗೆ ನಿಂತಿತು. ನೆತ್ತಿಯ ಮೇಲೆ ದುಂಡಗೆ ನೀಲಿ ಆಕಾಶ, ಸುತ್ತಲೂ ಬಿಳಿ ಮೋಡದ ಗೋಡೆ. ಓಣಿಯ ತುಂಬ ಕಡಲಹಕ್ಕಿಗಳು ಕೊಕ್ಕು ತೆರೆದು ಕೂತಿದ್ದವು. ಕಾಲು ತಾಗಿದರೂ ಹಾರಲಿಲ್ಲ. ಮಗಳು ಅಳು ನಿಲ್ಲಿಸಿ ಸೂರನ್ನೇ ದಿಟ್ಟಿಸುತ್ತಿದ್ದಳು.

“ಮಾವ, ಮೊದಲು ನಮ್ಮನೇದು ಮಾಡಿಬಿಡಿ. ಮಗು ಇದೆ.”

“ಎಲ್ಲಾ ಮನೇಲೂ ಮಗು ಇದೆ ಕಣಮ್ಮ. ತುದಿ ಮನೆಯೋರಿಗೆ ಕೈಕಾಲೇ ಆಡ್ತಿಲ್ಲ. ನಮ್ಮದು ಕೊನೇಗೆ.”

ಪಕ್ಕದ ಮನೆಯ ಟೈಲರಮ್ಮ ನಕ್ಕಳು. “ಶುರುವಾಯ್ತು ಪಟ್ಟಣದಮ್ಮಂದು! ಹಗ್ಗ ಕಂಡ್ರೂ ಹಾವು. ನಿಮ್ಮ ಮಾವ ಎಲ್ಲಿಗೆ ಓಡಿಹೋಗ್ತಾರೆ ಹೇಳು? ಇದು ದ್ವೀಪ ಕಣೇ!”

ಹಲಗೆ ಕೀಳುವಾಗ ಮೊಳೆ ಕಿರುಚುವ ಸದ್ದು, ಆಮೇಲೆ ಸುತ್ತಿಗೆಯ ಸದ್ದು. ಆ ನಿಶ್ಶಬ್ದದಲ್ಲಿ ಬೇರೇನೂ ಇರಲಿಲ್ಲ. ಸದ್ದು ಒಂದೊಂದೇ ಮನೆ ದಾಟಿ ನನ್ನಿಂದ ದೂರ ಹೋಯಿತು. ಕಡಲ ಮೇಲಿನ ಮೋಡದ ಗೋಡೆ ಹತ್ತಿರ ಬಂತು. ಮಗಳನ್ನು ಎದೆಗವಚಿ ಹೊಸ್ತಿಲಲ್ಲೇ ನಿಂತಿದ್ದೆ. ಅಂತೂ ಸುತ್ತಿಗೆ ತಿರುಗಿತು, ಟೈಲರಮ್ಮನ ಮನೆಗೆ ಬಂತು, ನಮ್ಮಲ್ಲಿಗೆ ಬಂತು.

“ಒಳಗೆ ಹೋಗು, ಚಿಲಕ ಹಾಕ್ಕೋ!” ಎಂದು ಮಾವ ಕೂಗಿದರು. ಗುಡ್ಡದ ಕಡೆಯ ಹಲಗೆ ಕೀಳಲು ಹೊತ್ತಿರಲಿಲ್ಲ. ಅಲ್ಲೇ ಹೊರಗಿದ್ದ ತಮ್ಮ ಕೆಲಸದ ಮೇಜನ್ನೇ ಒಡೆದು ಕಡಲ ಕಡೆಯ ಕಿಟಕಿಗೂ ಬಾಗಿಲಿಗೂ ಜಡಿದರು. ಬೆಳಕು ಪಟ್ಟಿ ಪಟ್ಟಿಯಾಗಿ ಆರಿತು. “ಈಗ ಹಿಂದ್ಗಡೆ ಬಾಗಿಲು ತೆಗೆದು ಬರ್ತೀನಿ!”

ಆಗ ಹೊಳೆಯಿತು. ಹಿಂದಿನ ಬಾಗಿಲಿಗೆ ಬೆಳಗಿನ ಹಲಗೆ ಇನ್ನೂ ಹಾಗೇ ಇದೆ. ನಾನೂ ಮಗುವೂ ಒಳಗೆ, ಮಾವ ಹೊರಗೆ.

ಅಲ್ಲಿ ಒಂದು ಮೊಳೆ ಕಿರುಚಿತು. ಎರಡನೆಯದು ಕಿರುಚುವ ಮೊದಲು ಕಡಲ ಕಡೆಯಿಂದ ಗಾಳಿ ಬಂದು ಬಡಿಯಿತು.

“ಮಾವಾ!” ಎಂದು ಅರಚಿದ್ದು ನನಗೇ ಕೇಳಿಸಲಿಲ್ಲ. ಹಿಂದಿನ ಬಾಗಿಲ ಚಿಲಕ ತೆಗೆದು, ಸಡಿಲವಾದ ಹಲಗೆಯನ್ನು ಭುಜದಿಂದ ದೂಡಿದರೆ ಹೊರಗೆ ಹೋಗಬಹುದಿತ್ತು. ಹಲಗೆಯ ಸಂದಿನಿಂದ ನೋಡಿದರೆ ಓಣಿಯಲ್ಲಿ ತಗಡಿನ ಶೀಟುಗಳು ಹಾರಾಡುತ್ತಿದ್ದವು. ಮಗುವನ್ನು ನೆಲಕ್ಕಿಳಿಸಿ ಚಿಲಕಕ್ಕೆ ಕೈ ಹಾಕಿದೆ.

ಪಕ್ಕದ ಗೋಡೆಗೆ ಯಾರೋ ತಟ್ಟಿದರು. ಅಷ್ಟು ಅಬ್ಬರದಲ್ಲೂ ಸ್ಪಷ್ಟವಾಗಿ ಕೇಳಿತು, ಟಕ್, ಟಕ್.

ಜೀವ ಬಂದಂತಾಯಿತು. ಗೋಡೆಯ ಮರೆಯಲ್ಲಿ ಕೂತಿದ್ದಾರೆ! ಸೌಟಿನಿಂದ ನಾನೂ ಎರಡು ಸಲ ತಟ್ಟಿದೆ. ಎರಡು ಬಂತು. ಮೂರು ತಟ್ಟಿದೆ. ಮೂರು ಬಂತು. “ತಾತ ಇದಾರೆ ಪುಟ್ಟಿ, ಕೇಳಿಸ್ತಾ?” ಎಂದೆ. ಗಾಳಿ ಆರ್ಭಟಿಸಿದಷ್ಟು ಹೊತ್ತೂ ನಾನು ತಟ್ಟುವುದು, ಆಚೆಯಿಂದ ಉತ್ತರ ಬರುವುದು. ಒಮ್ಮೆಯೂ ತಪ್ಪಲಿಲ್ಲ. ಚಿಲಕ ತೆಗೆಯಲಿಲ್ಲ.

ಸಂಜೆಗೆ ಗಾಳಿ ಇಳಿದಾಗ ಟೈಲರಮ್ಮ ಬಂದು ಹಲಗೆ ಕಿತ್ತಳು. ಪಕ್ಕದ ಗೋಡೆಗೆ ಓಡಿದೆ. ಅಲ್ಲಿ ಯಾರೂ ಇರಲಿಲ್ಲ. ಹೆಜ್ಜೆಯ ಗುರುತೂ ಇಲ್ಲ.

ಅಷ್ಟರಲ್ಲಿ ಟೈಲರಮ್ಮನ ಹಿತ್ತಿಲಿನ ಬಳಕೆ ಬಿಟ್ಟ ತೊಟ್ಟಿಯಿಂದ ಕೆಮ್ಮು ಕೇಳಿತು. ಮಾವ! ಮೈಯೆಲ್ಲ ಕೆಸರು, ಒಂದು ಕೈ ಮುರಿದಿತ್ತು. ಬಾಯಲ್ಲಿ ಮೊಳೆ ಇಲ್ಲದೆ ಮಾತು ಎಂದಿಗಿಂತ ಸ್ಪಷ್ಟವಾಗಿತ್ತು.

“ಮೊದಲ ಏಟಿಗೇ ಎತ್ತಿ ಇಲ್ಲಿಗೆ ಎಸೀತಮ್ಮ. ಸುತ್ತಿಗೆ ಎಲ್ಲಿ ಹೋಯ್ತೋ. ನೀನು ಹೊರಗೆ ಬಂದ್ಬಿಡ್ತೀಯೇನೋ ಅಂತ ಸತ್ತೇ ಹೋಗಿದ್ದೆ.”

“ಮತ್ತೆ ಗೋಡೆ ತಟ್ಟಿದ್ದು?”

“ಯಾವ ಗೋಡೆ?”

ತೋರಿಸಿದೆ. ಎಲ್ಲ ಹೇಳಿದೆ.

“ನೀರಿನ ಪೈಪ್ ಇರುತ್ತೆ ಬಿಡೇ” ಎಂದಳು ಟೈಲರಮ್ಮ. ಆ ಗೋಡೆಯಲ್ಲಿ ಪೈಪ್ ಇಲ್ಲ.

ಯಾವುದಕ್ಕೂ ಒಂದು ತಮಾಷೆ ಸಿದ್ಧವಿಟ್ಟುಕೊಂಡಿರುವ ಮಾವ ಅಂದು ನಗಲಿಲ್ಲ. ಕುಂಟುತ್ತ ಹೋಗಿ ಗೋಡೆಗೆ ಕಿವಿಯಿಟ್ಟರು. “ಯಾರಾದ್ರೂ ಆಗ್ಲಿ. ನಿನ್ನ ಹೊರಗೆ ಬಿಡ್ಲಿಲ್ಲ, ಅಷ್ಟು ಸಾಕು” ಎಂದರು. ಆಮೇಲೆ ಮೆಲ್ಲಗೆ, “ಇನ್ಮೇಲೆ ನೀನು ತಟ್ಟಬೇಡ.”

ನಾನು ತಟ್ಟಿಲ್ಲ. ಮಗಳು ಈಗ ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದಾಳೆ. ನಡೆಯುತ್ತ ನಡೆಯುತ್ತ ಆ ಗೋಡೆಯ ಬಳಿ ನಿಲ್ಲುತ್ತಾಳೆ. ಪುಟ್ಟ ಅಂಗೈಯಿಂದ ಎರಡು ಸಲ ಬಡಿಯುತ್ತಾಳೆ, ತಲೆ ವಾಲಿಸಿ ಕಾಯುತ್ತಾಳೆ. ಒಲೆಯ ಮೇಲೆ ಏನಿದ್ದರೂ ಬಿಟ್ಟು ಓಡಿ, ಅವಳನ್ನು ಎತ್ತಿಕೊಂಡು ಬರುತ್ತೇನೆ.