ಬೀಜದ ಬಟಾಟೆ

ಇವತ್ತು ಬೆಟಗೇರಿ ಸಂತೆಯಿಂದ ತಂದ ಕೆಂಪು ಬಟಾಟೆಯನ್ನು ತೊಳೆದರೆ ಬಣ್ಣವೆಲ್ಲ ನೀರಿಗಿಳಿಯಿತು. ಕೆಮ್ಮಣ್ಣು ಬಳಿದು ಮಾರುವವರಿಗೆ ನಾಚಿಕೆಯೂ ಇಲ್ಲ.

ಅಸುಂಡಿಯಲ್ಲಿ ನಾವು ಸಿಪ್ಪೆಯೇ ಕೆಂಪಗಿದ್ದ ಬಟಾಟೆ ಬೆಳೆಯುತ್ತಿದ್ದೆವು. ಬೀಜಕ್ಕೆಂದು ಆರಿಸಿದ್ದನ್ನು ಅಜ್ಜಿ ಕತ್ತಲೆ ಕೋಣೆಯಲ್ಲಿ ಮರಳಿನ ಮೇಲೆ ಹರವಿ, ಬೇವಿನೆಲೆ ಮುಚ್ಚಿ, ದಿನವೂ ಮೂಸಿ ನೋಡಿ ಕೊಳೆತದ್ದನ್ನು ತೆಗೆಯುತ್ತಿದ್ದಳು. ಆ ಕೋಣೆಗೆ ಬೇರೆ ಯಾರೂ ಕಾಲಿಡುವಂತಿರಲಿಲ್ಲ.

ಅಜ್ಜಿ ತೀರಿಕೊಂಡ ಮೂರನೆಯ ದಿನ ಅವ್ವ ದುಃಖಕ್ಕೆ ಬಂದವರ ನಡುವೆ ಕುಳಿತಿದ್ದಳು. ಅಡರಕಟ್ಟಿಯಿಂದ ಬಂದ ಅವಳ ತಂಗಿ, ನಮ್ಮ ಚಿಗವ್ವ, ಎಲ್ಲರಿಗೂ ಅಡುಗೆ ಮಾಡಿದಳು. ತಾಟಿಗೆ ಬಿದ್ದ ಬಟಾಟೆ ಪಲ್ಯ ನೋಡಿ ಅಪ್ಪನ ಕೈ ನಿಂತಿತು. ನೆಂಟರು ಎದ್ದ ಮೇಲೆ ಕೇಳಿದ:

"ಕ್ವಾಣ್ಯಾಗಿನ ಬಟಾಟಿ ಒಂದೂ ಉಳದಿಲ್ಲೇನವಾ?"

"ಮಂದಿ ಭಾಳ ಇತ್ತಲ್ರಿ ಮಾಮಾ. ಮೊಳಕಿ ಒಡದಿದ್ವು, ಕೆಟ್ಟು ಹೊಕ್ಕಾವಂತ ಎಲ್ಲಾ ಹೆಚ್ಚಿದೆ. ಸಿಪ್ಪಿ ಎಮ್ಮಿಗೆ ಹಾಕೇನ್ರಿ."

ಅಪ್ಪ ಅವಳನ್ನು ಬೈಯಲಿಲ್ಲ. ಕೊಟ್ಟಿಗೆಗೆ ಹೋಗಿ ಎಮ್ಮೆಯ ಗೋದಲಿಯಲ್ಲಿ ಕೈಯಾಡಿಸಿದ. ಕಣ್ಣಿರುವ ಒಂದು ದಪ್ಪ ಸಿಪ್ಪೆ ಸಿಕ್ಕರೂ ಮಣ್ಣಿಗಿಟ್ಟು ಮೊಳೆಸಬಹುದೆಂಬ ಆಸೆ. ಎಮ್ಮೆ ಎಲ್ಲವನ್ನೂ ನೆಕ್ಕಿ ಮುಗಿಸಿತ್ತು.

ಈಗಲೂ ಆ ಬಟಾಟೆಗಾಗಿ ಹಿರೇಹಂದಿಗೋಳದವರೆಗೆ ವಿಚಾರಿಸುತ್ತಿರುತ್ತೇನೆ. ಹಳಬರೆಲ್ಲ ಅದರ ರುಚಿ ಹೇಳುತ್ತಾರೆ. ಬೀಜ ಯಾರ ಹತ್ತಿರವೂ ಇಲ್ಲ.