ಡಾಕ್ಟರೂ ಬಿಟ್ಟರು

ಸಿಗರೇಟು ಸೇದುವ ರೋಗಿಗಳನ್ನು ಗದರುವುದರಲ್ಲಿ ಆ ಶ್ವಾಸಕೋಶದ ಡಾಕ್ಟರು ಎತ್ತಿದ ಕೈ. ಆದರೆ ಮಧ್ಯಾಹ್ನವಾದರೆ ಆಸ್ಪತ್ರೆಯ ಜನರೇಟರ್ ಕೋಣೆಯ ಹಿಂದೆ ನಿಂತು ತಾವೂ ಒಂದು ಹಚ್ಚುತ್ತಿದ್ದರು. ಒಮ್ಮೆ ಅವರದೇ ರೋಗಿಯಾದ ಬಸ್ ಡ್ರೈವರ್ ಬೆಂಕಿಪೊಟ್ಟಣ ಹಿಡಿದು ಕಳ್ಳಹೆಜ್ಜೆ ಇಡುತ್ತ ಅಲ್ಲಿಗೇ ಬಂದ.

"ಏನ್ ಸಾರ್, ಬುದ್ಧಿವಾದ ಎಲ್ಲಾ ನಮಗೆ ಮಾತ್ರಾನಾ?"

ಡಾಕ್ಟರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ನನ್ ಕೈಲೂ ಬಿಡೋಕೆ ಆಗ್ತಿಲ್ಲಪ್ಪ. ಇಬ್ರೂ ಜೊತೆಗೇ ಬಿಡೋಣ್ವಾ?"

ಎರಡು ಪ್ಯಾಕೆಟ್ಟುಗಳೂ ಅಲ್ಲೇ ಕಸದ ತೊಟ್ಟಿ ಸೇರಿದವು. ಆಮೇಲೆ ಸೇದುವ ಚಪಲ ಹತ್ತಿದಾಗೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡರು. ಡಾಕ್ಟರು ಮನೆಯಲ್ಲಿ ಸುಮ್ಮಸುಮ್ಮನೆ ಸಿಡುಕಿದರೆ ಹೆಂಡತಿಯೇ ಡ್ರೈವರನಿಗೆ ಕರೆ ಮಾಡಿ, "ಅಣ್ಣಾ, ನಮ್ಮನೆಯವರಿಗೆ ನೀವೇ ಒಂದು ಮಾತು ಹೇಳಿ," ಎನ್ನುತ್ತಿದ್ದಳು.

ವರ್ಷ ತುಂಬುವ ಹೊತ್ತಿಗೆ ತಪಾಸಣೆಗೆ ಬಂದ ಡ್ರೈವರ್ ಉಸಿರಳೆಯುವ ಉಪಕರಣವನ್ನು ಊದಿದ. ಮುಳ್ಳು ಹಿಂದೆಂದೂ ಏರದಷ್ಟು ಮೇಲೇರಿತು.

"ಈಗ ನಿಮ್ ಸರದಿ ಸಾರ್!"

ನರ್ಸ್ ನಗುತ್ತ ಹೊಸ ಕೊಳವೆ ಸಿಕ್ಕಿಸಿಕೊಟ್ಟಳು. ಡಾಕ್ಟರು ಎದೆ ತುಂಬ ಗಾಳಿ ಎಳೆದುಕೊಂಡು ಊದಿದರು. ಮುಳ್ಳು ಡ್ರೈವರನ ಅಂಕಿಯನ್ನೂ ದಾಟಿ ನಿಂತಿತು. ಬಾಗಿಲಲ್ಲಿ ಇಣುಕುತ್ತಿದ್ದ ರೋಗಿಗಳೆಲ್ಲ ಚಪ್ಪಾಳೆ ತಟ್ಟಿದರು.

"ಗೆದ್ದುಬಿಟ್ವಿ ಕಣಪ್ಪಾ!" ಎಂದು ಡಾಕ್ಟರು ಡ್ರೈವರನನ್ನು ಎಲ್ಲರೆದುರೇ ತಬ್ಬಿಕೊಂಡರು.